ಆರೋಗ್ಯ ಪ್ರಶ್ನೋತ್ತರ: ರಿಪೋರ್ಟ್ ನಾರ್ಮಲ್, ಏಳಲು ಮಾತ್ರ ಆಗುತ್ತಿಲ್ಲ

ಈ ಸಲ ಒಂದೇ ಕಾಯಿಲೆಯ ಬಗ್ಗೆ ಬಂದ ಪತ್ರಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ವೈದ್ಯರು ಇದನ್ನು ಎಂಇ/ಸಿಎಫ್‌ಎಸ್ ಎಂದು ಬರೆಯುತ್ತಾರೆ; ಬಳಕೆಯಲ್ಲಿರುವ ಹೆಸರು ಕ್ರಾನಿಕ್ ಫಟೀಗ್ ಸಿಂಡ್ರೋಮ್, ಅಂದರೆ ದೀರ್ಘಕಾಲ ಬಿಡದ ದಣಿವಿನ ಕಾಯಿಲೆ. ಬರೆದವರಲ್ಲಿ ಹೆಚ್ಚಿನವರು ರೋಗಿಗಳ ಮನೆಯವರು. ಒಂದು ಪತ್ರ ಮುಗಿಸುವಷ್ಟು ಹೊತ್ತು ಕೂರಲು ರೋಗಿಗೆ ಆಗುವುದಿಲ್ಲ ಎಂಬುದು ನನಗೆ ಗೊತ್ತು.

ಪ್ರಶ್ನೆ: ನನ್ನ ಮಗಳಿಗೆ ಇಪ್ಪತ್ತಮೂರು ವರ್ಷ. ಎರಡು ವರ್ಷದ ಹಿಂದೆ ಗಂಟಲು ನೋವು, ಕುತ್ತಿಗೆಯಲ್ಲಿ ಗಂಟು, ಜ್ವರ ಬಂತು. ಎಪ್‌ಸ್ಟೀನ್ ಬಾರ್ ವೈರಸ್ ಎಂದರು. ಜ್ವರ ಹೋಯಿತು, ಅವಳು ಮಾತ್ರ ಮೊದಲಿನಂತಾಗಲಿಲ್ಲ. ತಲೆಸ್ನಾನ ಮಾಡಿದರೆ ಮರುದಿನ ಹಾಸಿಗೆಯಿಂದ ಏಳುವುದಿಲ್ಲ. ಹಿಮೋಗ್ಲೋಬಿನ್, ಥೈರಾಯ್ಡ್, ಸಿಆರ್‌ಪಿ ಎಲ್ಲ ನಾರ್ಮಲ್. ‘ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ’ ಎಂದರು ಒಬ್ಬ ವೈದ್ಯರು. ಇದು ರೋಗನಿರೋಧಕ ವ್ಯವಸ್ಥೆಯ ತೊಂದರೆ ಎಂದು ಓದಿದ್ದೇನೆ. ಹಾಗಿದ್ದರೆ ಪರೀಕ್ಷೆಯಲ್ಲಿ ಏಕೆ ಸಿಗುವುದಿಲ್ಲ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ತಲೆಸ್ನಾನದ ಸಾಲಿನ ಮೇಲೆ. ನಿಂತುಕೊಳ್ಳಬೇಕು, ಎರಡೂ ಕೈ ತಲೆಯ ಮೇಲೆ ಎತ್ತಿ ಹಿಡಿಯಬೇಕು, ಬಿಸಿನೀರಿಗೆ ರಕ್ತನಾಳ ಹಿಗ್ಗುತ್ತದೆ. ಆರೋಗ್ಯವಂತರಿಗೆ ಲೆಕ್ಕಕ್ಕೇ ಬಾರದ ಕೆಲಸ. ಅದರ ಹೊಡೆತ ಆಗಲೇ ಕಾಣದೆ ಮರುದಿನ ಬೀಳುವುದು ಈ ಕಾಯಿಲೆಯ ಮುಖ್ಯ ಗುರುತು. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2015ರಲ್ಲಿ ಕೊಟ್ಟ ಮಾನದಂಡದಲ್ಲಿ ಇದು ಇರಲೇಬೇಕಾದ ಲಕ್ಷಣ. ಅದರ ಜೊತೆಗೆ ಆರು ತಿಂಗಳಿಗೂ ಮೀರಿ ಮೊದಲಿನ ಕೆಲಸ ಮಾಡಲಾಗದಂಥ ದಣಿವು, ಎಷ್ಟು ಮಲಗಿದರೂ ಹೋಗದ ಆಯಾಸ, ಮತ್ತು ತಲೆಗೆ ಮಂಕು ಕವಿಯುವುದು ಇಲ್ಲವೇ ನಿಂತರೆ ಹೆಚ್ಚಾಗುವ ತೊಂದರೆ, ಇವೆರಡರಲ್ಲಿ ಒಂದಾದರೂ ಇರಬೇಕು. ಮಗಳಿಗೆ ಇವೆಲ್ಲ ಇವೆಯೇ ಎಂದು ಒಮ್ಮೆ ಕೂತು ನೋಡಿ.

‘ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ’ ಎಂಬ ಮಾತು ನನಗೆ ನಿಜಕ್ಕೂ ನೋವು ಕೊಡುತ್ತದೆ, ಏಕೆಂದರೆ ಇದಕ್ಕೆ ಉತ್ತರ ಸಿಕ್ಕಿ ಬಹಳ ಕಾಲವಾಯಿತು. ಆಸ್ಟ್ರೇಲಿಯಾದ ಡಬ್ಬೊ ಎಂಬ ಊರಿನಲ್ಲಿ ಎಪ್‌ಸ್ಟೀನ್ ಬಾರ್ ವೈರಸ್, ರಾಸ್ ರಿವರ್ ವೈರಸ್, ಕ್ಯೂ ಜ್ವರ ತಗುಲಿದ 253 ಜನರನ್ನು ಸೋಂಕಿನ ಆರಂಭದಿಂದಲೇ ಗಮನಿಸುತ್ತಾ ಹೋದರು. 2006ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಆರು ತಿಂಗಳ ಹೊತ್ತಿಗೆ ಶೇ 11ರಷ್ಟು ಮಂದಿಗೆ ಕ್ರಾನಿಕ್ ಫಟೀಗ್ ಸಿಂಡ್ರೋಮ್ ಆಗಿತ್ತು. ಮೂರೂ ಬೇರೆ ಬೇರೆ ಸೋಂಕು, ಕೊನೆಗೆ ಉಳಿದ ಕಾಯಿಲೆ ಒಂದೇ. ಯಾರಿಗೆ ಬರುತ್ತದೆ ಎಂಬುದನ್ನು ಸೂಚಿಸಿದ್ದು ಮೊದಲ ಜ್ವರ ಎಷ್ಟು ಜೋರಾಗಿತ್ತು ಎಂಬ ಅಂಶ. ಸ್ವಭಾವವಾಗಲಿ, ಹಿಂದಿನ ಮಾನಸಿಕ ತೊಂದರೆಯಾಗಲಿ ಅದನ್ನು ಸೂಚಿಸಲಿಲ್ಲ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ರೋಗನಿರೋಧಕ ಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಸೈಟೋಕೈನ್ ಎಂಬ ರಾಸಾಯನಿಕಗಳನ್ನು ಬಿಡುತ್ತವೆ. 2015ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಮೇಡಿ ಹಾರ್ನಿಗ್ ಮತ್ತು ಇಯಾನ್ ಲಿಪ್ಕಿನ್ ತಂಡ 298 ರೋಗಿಗಳ ರಕ್ತ ಪರೀಕ್ಷಿಸಿದಾಗ, ಕಾಯಿಲೆ ಬಂದು ಮೂರು ವರ್ಷದೊಳಗಿನವರಲ್ಲಿ ಹಲವು ಸೈಟೋಕೈನ್‌ಗಳು ಏರಿದ್ದವು. ಅದಕ್ಕಿಂತ ಹಳೆಯ ರೋಗಿಗಳಲ್ಲಿ ಆ ಏರಿಕೆ ಇರಲಿಲ್ಲ. ಕಾಯಿಲೆ ಕಾಲಕ್ಕೆ ತಕ್ಕಂತೆ ರೂಪ ಬದಲಿಸುತ್ತದೆ ಎಂಬುದು ನನ್ನ ಮಟ್ಟಿಗೆ ಬಹಳ ಮುಖ್ಯವಾದ ಸುಳಿವು. ಹೊಸ ರೋಗಿಗಳನ್ನೂ ಹಳೆಯ ರೋಗಿಗಳನ್ನೂ ಒಂದೇ ಗುಂಪಿಗೆ ಹಾಕಿದರೆ ಹೊಸಬರ ಏರಿಕೆ ಸರಾಸರಿಯಲ್ಲಿ ಮುಚ್ಚಿಹೋಗುತ್ತದೆ, ಏನೂ ಇಲ್ಲವೆಂದೇ ಕಾಣುತ್ತದೆ. 2017ರಲ್ಲಿ ಸ್ಟ್ಯಾನ್‌ಫರ್ಡ್ ತಂಡ ಇನ್ನೊಂದು ದಿಕ್ಕಿನಿಂದ ನೋಡಿತು. ರೋಗಿಗಳನ್ನು ಆರೋಗ್ಯವಂತರ ಜೊತೆ ಒಟ್ಟಾರೆ ಹೋಲಿಸಿದರೆ ಎರಡೇ ಸೈಟೋಕೈನ್‌ಗಳಲ್ಲಿ ವ್ಯತ್ಯಾಸ. ಕಾಯಿಲೆಯ ತೀವ್ರತೆಗೆ ತಕ್ಕಂತೆ ಜೋಡಿಸಿ ನೋಡಿದರೆ 17 ಸೈಟೋಕೈನ್‌ಗಳು ಅದರೊಂದಿಗೆ ಏರುತ್ತಾ ಹೋಗಿದ್ದವು.

ಹಾಗಾದರೆ ಮಗಳ ರಕ್ತದಲ್ಲೂ ಅದನ್ನು ಅಳೆದರಾಯಿತಲ್ಲ ಎನ್ನುತ್ತೀರಿ. ತೊಡಕಿರುವುದು ಇಲ್ಲೇ. ಎರಡು ತರಗತಿಗಳ ಮಕ್ಕಳ ಸರಾಸರಿ ಎತ್ತರ ಬೇರೆ ಬೇರೆ ಇರಬಹುದು, ಆದರೆ ಒಂದು ಮಗುವಿನ ಎತ್ತರ ಅಳೆದು ಅದು ಯಾವ ತರಗತಿಯದು ಎಂದು ಹೇಳಲಾಗದು. ಸಂಶೋಧನೆಯಲ್ಲಿ ಕಂಡ ವ್ಯತ್ಯಾಸಗಳೂ ಹೀಗೇ, ಗುಂಪಿನ ಮಟ್ಟದಲ್ಲಿ ನಿಜ, ಒಬ್ಬರ ರೋಗ ಗುರುತಿಸುವಷ್ಟು ಸ್ಪಷ್ಟವಿಲ್ಲ. ಅದೂ ಅಲ್ಲದೆ, ಉರಿಯೂತ ಇದೆಯೇ ಎಂದು ನೋಡಲು ಸಾಮಾನ್ಯ ಲ್ಯಾಬಿನಲ್ಲಿ ಮಾಡುವ ಸಿಆರ್‌ಪಿ, ಇಎಸ್‌ಆರ್‌ಗಳು ರೋಗನಿರೋಧಕ ಕೋಶಗಳ ಕೆಲಸವನ್ನು ಅಳೆಯುವುದೇ ಇಲ್ಲ. ವೈರಸ್ ತಗುಲಿದ ಕೋಶಗಳನ್ನು ಕೊಲ್ಲುವ ನ್ಯಾಚುರಲ್ ಕಿಲ್ಲರ್ ಕೋಶಗಳನ್ನೇ ನೋಡಿ. ಅವುಗಳ ಸಂಖ್ಯೆ ಸರಿಯಿದ್ದರೂ ಕೊಲ್ಲುವ ಶಕ್ತಿ ಕುಗ್ಗಿದೆ ಎಂದು ಅನೇಕ ಅಧ್ಯಯನಗಳು ಹೇಳುತ್ತಾ ಬಂದಿವೆ. ಎಣಿಕೆ ಮಾತ್ರ ಮಾಡುವ ಪರೀಕ್ಷೆಗೆ ಅದು ಸಿಗುವುದಿಲ್ಲ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ, 2024ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ, ಸೋಂಕಿನ ನಂತರ ಕಾಯಿಲೆ ಬಿದ್ದ 17 ಜನರನ್ನು ಬೆನ್ನುಹುರಿಯ ದ್ರವದವರೆಗೆ ಕೂಲಂಕಷವಾಗಿ ಪರೀಕ್ಷಿಸಿತು. ಪ್ರತಿಕಾಯ ತಯಾರಿಕೆಗೆ ಸಂಬಂಧಿಸಿದ ಬಿ ಕೋಶಗಳಲ್ಲಿ ಹೊಸವು ಹೆಚ್ಚು, ಹಳೆಯ ಸೋಂಕನ್ನು ನೆನಪಿಟ್ಟುಕೊಳ್ಳುವ ಬಿ ಕೋಶಗಳು ಕಡಿಮೆ. ದೀರ್ಘಕಾಲ ಕೆರಳಿ ಬಳಲಿದ ಟಿ ಕೋಶಗಳ (ಇವೂ ರೋಗನಿರೋಧಕ ಕೋಶಗಳೇ) ಸುಳಿವು. ಚಿಕ್ಕ ಗುಂಪು, ಆದ್ದರಿಂದ ಕಡೆಯ ಮಾತೆನ್ನಲಾರೆ. ಆದರೆ 2025ರಲ್ಲಿ ಎಡಿನ್‌ಬರೊ ವಿಶ್ವವಿದ್ಯಾಲಯದ ನೇತೃತ್ವದ ಡಿಕೋಡ್‌ಎಂಇ ಅಧ್ಯಯನ 15,579 ರೋಗಿಗಳ ಡಿಎನ್‌ಎ ನೋಡಿ, ಕಾಯಿಲೆಯೊಂದಿಗೆ ನಂಟಿರುವ ಎಂಟು ಜಾಗಗಳನ್ನು ಗುರುತಿಸಿತು. ಅಲ್ಲಿನ ಜೀನ್‌ಗಳಲ್ಲಿ ಕೆಲವು ಸೋಂಕಿಗೆ ಪ್ರತಿಕ್ರಿಯಿಸುವ ಕೆಲಸದವು, ಕೆಲವು ನರವ್ಯೂಹದವು. ಮುಂದಿನ ಸಲವೂ ವೈದ್ಯರಿಂದ ‘ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ’ ಎಂಬ ಮಾತು ಕೇಳಬೇಕಾಗಿ ಬಂದರೆ, 2015ರ ಮಾನದಂಡದ ಒಂದು ಪ್ರತಿ ಕೈಯಲ್ಲಿರಲಿ. ವಾದ ಬೇಡ, ‘ಇದರ ಪ್ರಕಾರ ನೋಡುತ್ತೀರಾ’ ಎಂದಷ್ಟೇ ಕೇಳಿ. ಆಗದು ಎಂದರೆ ವೈದ್ಯರನ್ನು ಬದಲಿಸಿ.

ಪ್ರಶ್ನೆ: ದಿನಕ್ಕೆ ಸ್ವಲ್ಪ ಸ್ವಲ್ಪವೇ ನಡಿಗೆ ಹೆಚ್ಚಿಸಿದರೆ ದೇಹ ಒಗ್ಗಿಕೊಳ್ಳುತ್ತದೆ ಎನ್ನುತ್ತಾರೆ. ತಮ್ಮನಿಗೆ ಹಾಗೆ ಮಾಡಿಸಬಹುದೇ?

ಉತ್ತರ: ಬೇಡ. ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ, ನಿಗದಿಯಂತೆ ವ್ಯಾಯಾಮ ಹೆಚ್ಚಿಸುತ್ತಾ ಹೋಗುವ ಚಿಕಿತ್ಸೆಯನ್ನು ಈ ರೋಗಿಗಳಿಗೆ ಕೊಡಬಾರದು ಎಂದು ಸ್ಪಷ್ಟವಾಗಿ ಹೇಳಿದೆ. ತಮ್ಮನ ಶಕ್ತಿ ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ಅವನೇ ಕಂಡುಕೊಂಡು, ಅದಕ್ಕಿಂತ ಮೊದಲೇ ನಿಲ್ಲಿಸಲಿ. ಚೆನ್ನಾಗಿದ್ದೇನೆ ಎನಿಸಿದ ದಿನವೇ ಹೆಚ್ಚು ಎಚ್ಚರ ಬೇಕು. ಉಳಿದ ಕೆಲಸವನ್ನೆಲ್ಲ ಅಂದೇ ಮುಗಿಸಲು ಹೋಗಿ ಬೀಳುವವರನ್ನು ನಾನು ಪದೇ ಪದೇ ನೋಡುತ್ತೇನೆ.

ಪ್ರಶ್ನೆ: ಹೊಟ್ಟೆಯುಬ್ಬರ, ಒಮ್ಮೆ ಮಲಬದ್ಧತೆ ಒಮ್ಮೆ ಭೇದಿ, ಜೊತೆಗೆ ಈ ಸುಸ್ತು. ಮಲದ ಸೂಕ್ಷ್ಮಜೀವಿ ಪರೀಕ್ಷೆಯ ಕಿಟ್ ತರಿಸಿ ಮಾಡಿಸಿದೆ. ‘ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆ’ ಎಂದು ಬಣ್ಣಬಣ್ಣದ ವರದಿ ಬಂತು, ಕೆಳಗೆ ಅವರದೇ ಕ್ಯಾಪ್ಸೂಲಿನ ಸಲಹೆ. ಕರುಳು ಸರಿಯಾದರೆ ಸುಸ್ತು ಹೋಗುತ್ತದೆಯೇ?

ಉತ್ತರ: ಕ್ಯಾಪ್ಸೂಲ್ ಸದ್ಯಕ್ಕೆ ಕೊಳ್ಳಬೇಡಿ. ಕರುಳಿನ ಬಗ್ಗೆ ನಿಮಗಿರುವ ಅನುಮಾನ ಮಾತ್ರ ಸರಿಯಾಗಿದೆ.

ನಾವು ಜೀರ್ಣಿಸಿಕೊಳ್ಳಲಾರದ ನಾರಿನಂಶ ದೊಡ್ಡ ಕರುಳಿಗೆ ಇಳಿದಾಗ ಅಲ್ಲಿನ ಕೆಲವು ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಬ್ಯೂಟಿರೇಟ್ ಎಂಬ ಚಿಕ್ಕ ಕೊಬ್ಬಿನಾಮ್ಲ ತಯಾರಿಸುತ್ತವೆ. ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಇದೇ ಮುಖ್ಯ ಇಂಧನ. ಆ ಪದರದ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರಲೂ, ಉರಿಯೂತವನ್ನು ಹದ್ದುಬಸ್ತಿನಲ್ಲಿಡುವ ಟಿ ಕೋಶಗಳು ಬೆಳೆಯಲೂ ಬ್ಯೂಟಿರೇಟ್ ನೆರವಾಗುತ್ತದೆ. 2023ರಲ್ಲಿ ಕೊಲಂಬಿಯಾದ ತಂಡ 106 ರೋಗಿಗಳನ್ನೂ 91 ಆರೋಗ್ಯವಂತರನ್ನೂ ಹೋಲಿಸಿದಾಗ, ಬ್ಯೂಟಿರೇಟ್ ತಯಾರಿಸುವ ಫೀಕಲಿಬ್ಯಾಕ್ಟೀರಿಯಂ ಪ್ರಾಸ್ನಿಟ್ಜಿ, ಯೂಬ್ಯಾಕ್ಟೀರಿಯಂ ರೆಕ್ಟೇಲ್ ಎಂಬ ಎರಡು ಪ್ರಭೇದಗಳು ರೋಗಿಗಳಲ್ಲಿ ಕಡಿಮೆಯಿದ್ದವು. ಮೊದಲನೆಯದು ಕಡಿಮೆಯಾದಷ್ಟೂ ದಣಿವಿನ ತೀವ್ರತೆ ಹೆಚ್ಚಿತ್ತು. ಅದಕ್ಕೂ ಮೊದಲು, 2016ರಲ್ಲಿ, ಕಾರ್ನೆಲ್ ವಿಶ್ವವಿದ್ಯಾಲಯದ ಮೌರೀನ್ ಹ್ಯಾನ್ಸನ್ ತಂಡ ರೋಗಿಗಳ ಕರುಳಿನಲ್ಲಿ ಬ್ಯಾಕ್ಟೀರಿಯಾಗಳ ವೈವಿಧ್ಯ ಕುಗ್ಗಿರುವುದನ್ನು ಕಂಡಿತ್ತು. ಬ್ಯಾಕ್ಟೀರಿಯಾದ ಹೊರಕವಚದ ಚೂರುಗಳು ಕರುಳು ದಾಟಿ ರಕ್ತಕ್ಕೆ ಬರುತ್ತಿರುವ ಸೂಚನೆಯೂ ಸಿಕ್ಕಿತ್ತು. ಅಂಥ ಚೂರು ರಕ್ತಕ್ಕೆ ಬಂದರೆ ರೋಗನಿರೋಧಕ ವ್ಯವಸ್ಥೆ ಕೆರಳದೆ ಇರುವುದಿಲ್ಲ. ಕರುಳಿಗೂ ಮೇಲಿನ ಪ್ರಶ್ನೆಯ ಸೈಟೋಕೈನ್‌ಗಳಿಗೂ ಕೊಂಡಿ ಇರಬಹುದಾದ ಜಾಗ ಇದು.

ಆದರೆ ಮೊದಲು ಕೆಟ್ಟದ್ದು ಯಾವುದು? ಓಡಾಟ ನಿಂತರೆ, ಊಟ ಬದಲಾದರೆ, ಔಷಧಿ ನುಂಗಿದರೆ ಕರುಳಿನ ಬ್ಯಾಕ್ಟೀರಿಯಾಗಳೂ ಬದಲಾಗುತ್ತವೆ. ಹಾಸಿಗೆ ಹಿಡಿದವರಲ್ಲಿ ಇವೆಲ್ಲವೂ ಆಗಿರುತ್ತವೆ. 2023ರಲ್ಲೇ ಜಾಕ್ಸನ್ ಲ್ಯಾಬೊರೇಟರಿಯ ತಂಡ ಕಂಡದ್ದು ಈ ಪ್ರಶ್ನೆಯನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಹೊಸ ರೋಗಿಗಳ ಕರುಳಿನಲ್ಲಿ ಏರುಪೇರು ಹೆಚ್ಚು. ಕಾಯಿಲೆ ಹಳೆಯದಾದವರಲ್ಲಿ ಬ್ಯಾಕ್ಟೀರಿಯಾಗಳು ಬಹುಮಟ್ಟಿಗೆ ಆರೋಗ್ಯವಂತರಂತೆಯೇ ಇದ್ದವು, ಆದರೆ ರಕ್ತದ ರಾಸಾಯನಿಕಗಳು ಇನ್ನಷ್ಟು ಹದಗೆಟ್ಟಿದ್ದವು, ರೋಗಿಗಳೂ ವಾಸಿಯಾಗಿರಲಿಲ್ಲ. ಅಂದರೆ ಬ್ಯಾಕ್ಟೀರಿಯಾ ಮರಳಿ ಬಂದರೆ ಸುಸ್ತು ತಾನಾಗಿ ಹೋಗುತ್ತದೆ ಎಂದು ಭರವಸೆ ಕೊಡಲು ಯಾರಿಗೂ ಆಧಾರವಿಲ್ಲ, ಆ ವರದಿ ಕಳಿಸಿದವರಿಗಂತೂ ಇಲ್ಲವೇ ಇಲ್ಲ. ಮೇಲಾಗಿ ಫೀಕಲಿಬ್ಯಾಕ್ಟೀರಿಯಂಗೆ ಆಮ್ಲಜನಕ ಆಗದು, ಗಾಳಿ ತಗುಲಿದರೆ ಬೇಗ ಸಾಯುತ್ತದೆ; ಮಾಮೂಲಿ ಪ್ರೋಬಯಾಟಿಕ್‌ಗಳಲ್ಲಿ ಇರುವುದು ಬೇರೆಯೇ ಜಾತಿಯ ಬ್ಯಾಕ್ಟೀರಿಯಾ.

ನೀವು ಮಾಡಬೇಕಾದದ್ದು ಇಷ್ಟು. ಹೊಟ್ಟೆಯ ತೊಂದರೆಯನ್ನು ಅದರದೇ ಕಾಯಿಲೆಯಾಗಿ ತೋರಿಸಿ. ಸೀಲಿಯಾಕ್ ಕಾಯಿಲೆ (ಗೋಧಿಯಲ್ಲಿರುವ ಗ್ಲುಟೆನ್‌ನಿಂದ ಕರುಳು ಕೆಡುವುದು), ಕರುಳಿನ ಉರಿಯೂತ ಇಲ್ಲವೆಂದು ಖಚಿತಪಡಿಸಿಕೊಳ್ಳಿ, ಎರಡೂ ಸುಸ್ತು ತರುವಂಥವು, ಎರಡಕ್ಕೂ ಚಿಕಿತ್ಸೆ ಇದೆ. ಇವು ಇಲ್ಲವೆಂದಾದರೆ ಇರಿಟೆಬಲ್ ಬವೆಲ್ ಸಿಂಡ್ರೋಮ್ ಇರುವ ಸಾಧ್ಯತೆ ಹೆಚ್ಚು. ಈ ರೋಗಿಗಳಲ್ಲಿ ಅದು ತುಂಬ ಸಾಮಾನ್ಯ. ಅದನ್ನು ಹತೋಟಿಗೆ ತಂದರೆ ಬದುಕು ಎಷ್ಟೋ ಹಗುರಾಗುತ್ತದೆ, ಸುಸ್ತು ಉಳಿದರೂ. ನಾರಿನಂಶ ಹೆಚ್ಚಿಸುವುದಾದರೆ ನಿಧಾನವಾಗಿ ಹೆಚ್ಚಿಸಿ, ಒಮ್ಮೆಲೇ ಹೆಚ್ಚಾದರೆ ಉಬ್ಬರ ಜಾಸ್ತಿಯಾಗುತ್ತದೆ.

ಪ್ರಶ್ನೆ: ಆರೋಗ್ಯವಂತರ ಮಲವನ್ನು ರೋಗಿಯ ಕರುಳಿಗೆ ಕಸಿ ಮಾಡುತ್ತಾರಂತೆ. ಮನೆಯಲ್ಲೇ ಮಾಡಿಕೊಳ್ಳುವ ವಿಧಾನ ಒಬ್ಬರು ಕಳಿಸಿದ್ದಾರೆ.

ಉತ್ತರ: ದಯವಿಟ್ಟು ಮಾಡಬೇಡಿ. ಪದೇ ಪದೇ ಮರುಕಳಿಸುವ, ಸಿ. ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದ ಕರುಳಿನ ಸೋಂಕಿಗೆ ಇದು ಒಳ್ಳೆಯ ಚಿಕಿತ್ಸೆ. ಎಂಇ/ಸಿಎಫ್‌ಎಸ್‌ಗೆ ಫಿನ್‌ಲೆಂಡಿನಲ್ಲಿ ನಡೆದ ಸಣ್ಣ ಪ್ರಯೋಗದಲ್ಲಿ ಪ್ರಯೋಜನ ಕಾಣಲಿಲ್ಲ. ಸರಿಯಾಗಿ ಪರೀಕ್ಷಿಸದ ದಾನಿಯ ಮಲದಿಂದ ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾ ತಗುಲಿ ರೋಗಿ ಸತ್ತದ್ದೂ ಉಂಟು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಈ ಬಗ್ಗೆ ಎಚ್ಚರಿಕೆ ಕೊಟ್ಟಿತು.

ಪ್ರಶ್ನೆ: ನನ್ನ ಹೆಂಡತಿ ಕತ್ತಲೆ ಕೋಣೆಯಲ್ಲೇ ಇರುತ್ತಾಳೆ, ಬೆಳಕು, ಸದ್ದು ತಡೆಯುವುದಿಲ್ಲ. ರೋಗನಿರೋಧಕ ವ್ಯವಸ್ಥೆಯನ್ನೇ ಸರಿಪಡಿಸುವ ಔಷಧ ಬರುವ ಸಾಧ್ಯತೆ ಇದೆಯೇ? ಸುಳ್ಳು ಸಮಾಧಾನ ಬೇಡ.

ಉತ್ತರ: ಸುಳ್ಳು ಹೇಳುವುದಿಲ್ಲ. ನಾರ್ವೆಯ ಬರ್ಗನ್‌ನಲ್ಲಿ ಒಯ್‌ಸ್ಟೀನ್ ಫ್ಲೂಗೆ ಮತ್ತು ಒಲಾವ್ ಮೆಲ್ಲಾ ಎಂಬ ಕ್ಯಾನ್ಸರ್ ತಜ್ಞರು, ಲಿಂಫೋಮಾ ಎಂಬ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದ ರೋಗಿಯ ಎಂಇ/ಸಿಎಫ್‌ಎಸ್ ಕೂಡ ಇಳಿದದ್ದನ್ನು ಗಮನಿಸಿದರು. ಬಿ ಕೋಶಗಳನ್ನು ನಾಶ ಮಾಡುವ ರಿಟುಕ್ಸಿಮ್ಯಾಬ್ ಔಷಧವನ್ನು 30 ಜನರಲ್ಲಿ ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಫಲಿತಾಂಶ ಆಸೆ ಹುಟ್ಟಿಸುವಂತಿತ್ತು. ಮುಂದೆ ಅವರೇ 151 ಜನರಲ್ಲಿ ದೊಡ್ಡ ಪ್ರಯೋಗ ಮಾಡಿದರು. 2019ರಲ್ಲಿ ಬಂದ ಫಲಿತಾಂಶದಲ್ಲಿ ಔಷಧ ಪಡೆದವರಲ್ಲಿ ಶೇ 26, ಪ್ಲಸೀಬೊ (ಔಷಧವಿಲ್ಲದ ತೋರಿಕೆಯ ಮದ್ದು) ಪಡೆದವರಲ್ಲಿ ಶೇ 35 ಮಂದಿ ಸುಧಾರಿಸಿದ್ದರು. ಔಷಧ ಕೆಲಸ ಮಾಡಿರಲಿಲ್ಲ. ತಮ್ಮದೇ ಆಸೆ ಸುಳ್ಳಾದದ್ದನ್ನು ಅವರು ಮುಚ್ಚಿಡದೆ ಪ್ರಕಟಿಸಿದರು. ಆ ಕಾರಣಕ್ಕೇ ಅವರ ಮುಂದಿನ ಕೆಲಸದ ಮೇಲೆ ನನಗೆ ನಂಬಿಕೆ.

ರಿಟುಕ್ಸಿಮ್ಯಾಬ್ ಬಿ ಕೋಶಗಳನ್ನು ಕೊಲ್ಲುತ್ತದೆ, ಆದರೆ ಅವುಗಳಿಂದ ಬೆಳೆದು ಮೂಳೆಮಜ್ಜೆಯಲ್ಲಿ ಕೂತು ವರ್ಷಗಟ್ಟಲೆ ಪ್ರತಿಕಾಯ ಸುರಿಸುವ ಪ್ಲಾಸ್ಮಾ ಕೋಶಗಳನ್ನು ಮುಟ್ಟುವುದಿಲ್ಲ. ತೊಂದರೆ ಕೊಡುವ ಪ್ರತಿಕಾಯ ಅಲ್ಲಿಂದ ಬರುತ್ತಿದ್ದರೆ? ಈ ಪ್ರಶ್ನೆ ಹಿಡಿದು ಅದೇ ತಂಡ ಪ್ಲಾಸ್ಮಾ ಕೋಶಗಳಿಗೆ ಗುರಿಯಿಡುವ ಡಾರಟುಮುಮ್ಯಾಬ್ ಔಷಧವನ್ನು 10 ಮಹಿಳೆಯರಿಗೆ ಕೊಟ್ಟಿತು. 2025ರ ವರದಿಯಂತೆ ಆರು ಜನರಲ್ಲಿ ಗಮನಾರ್ಹ ಸುಧಾರಣೆ ಕಂಡಿತು. ಪ್ಲಸೀಬೊ ಗುಂಪು ಇರಲಿಲ್ಲ, ಮತ್ತು 2011ರ ಆಸೆಯ ಗತಿ ಏನಾಯಿತೆಂದು ಈಗಷ್ಟೇ ಬರೆದಿದ್ದೇನೆ. ಪ್ಲಸೀಬೊ ಜೊತೆ ಹೋಲಿಸುವ ಪ್ರಯೋಗದ ಫಲಿತಾಂಶ ಬರುವವರೆಗೆ ಇದು ಚಿಕಿತ್ಸೆಯಲ್ಲ. ಪ್ರಯೋಗದ ಹೊರಗೆ ಯಾರಾದರೂ ಕೊಡುತ್ತೇನೆಂದರೂ ಒಪ್ಪಬೇಡಿ. ಒಳ್ಳೆಯ ಪ್ರತಿಕಾಯಗಳೂ ಕುಸಿದು ಸೋಂಕುಗಳು ಸುಲಭವಾಗಿ ತಗುಲುತ್ತವೆ.

ಅಲ್ಲಿಯವರೆಗೆ ನೀವು ಮಾಡಬಹುದಾದದ್ದು ಇದೆ. ನಿದ್ದೆ, ನೋವು, ಎದ್ದು ಕೂತಾಗ ಏರುವ ನಾಡಿ, ಇವಕ್ಕೆ ಔಷಧಗಳಿವೆ. ಹೆಂಡತಿಯನ್ನು ಆಸ್ಪತ್ರೆಗೆ ಹೊತ್ತೊಯ್ಯುವ ಬದಲು ಮನೆಗೆ ಬರುವ ಅಥವಾ ಫೋನಿನಲ್ಲಿ ಮಾತಾಡುವ ವೈದ್ಯರನ್ನು ಹುಡುಕಿ. ಮಲಗಿದಾಗಿನ ನಾಡಿ, ಆಕೆಗೆ ಸಾಧ್ಯವಾದರೆ ಕೂತಾಗಿನ ನಾಡಿ, ಎರಡನ್ನೂ ಕೆಲವು ದಿನ ಬರೆದಿಡಿ. ವೈದ್ಯರ ಜೊತೆ ಮಾತು ನೀವೇ ಆಡಿ. ಆಕೆ ಹೌದು, ಇಲ್ಲ ಎಂದು ಬೆರಳಿನಲ್ಲಿ ತೋರಿಸಿದರೆ ಸಾಕು.