ಉಚಿತವಾಗಿ ಸಿಗುವುದಕ್ಕೆ ತಿಂಗಳು ತಿಂಗಳೂ ಹಣವೇಕೆ?

ಪ್ರಶ್ನೆ: ಬೆಂಗಳೂರಿನಲ್ಲಿರುವ ನನ್ನ ಮಗ, ಅಡಿಕೆ ಕೃಷಿಯ ಬಗ್ಗೆ ವಿಡಿಯೊ ಮಾಡುವ ಯೂಟ್ಯೂಬ್ ಚಾನೆಲ್ ಒಂದಕ್ಕೆ ಪ್ರತಿ ತಿಂಗಳೂ 159 ರೂಪಾಯಿ ಕೊಡುತ್ತಾನೆ. ಅದೇ ವಿಡಿಯೊಗಳನ್ನು ನಾನು ಮನೆಯಲ್ಲಿ ಕುಳಿತು ಬಿಡಿಗಾಸೂ ಕೊಡದೆ ನೋಡುತ್ತೇನೆ. ಅವನದು ದಾನವೇ, ವ್ಯಾಪಾರವೇ ಅಥವಾ ಬರಿಯ ಮೋಹವೇ?
– ಅಡಿಕೆ ಬೆಳೆಗಾರರೊಬ್ಬರು, ತೀರ್ಥಹಳ್ಳಿ

ಉತ್ತರ: ನಿಮ್ಮ ಸೀಮೆಯ ಹರಕೆ ಬಯಲಾಟವನ್ನು ನೆನಪಿಸಿಕೊಳ್ಳಿ. ಮೇಳಕ್ಕೆ ವೀಳ್ಯ ಕೊಟ್ಟು ಆಟ ಆಡಿಸುವವರು ಒಂದು ಮನೆಯವರಾದರೂ ಬೆಳಗಿನ ಜಾವದವರೆಗೆ ಕುಳಿತು ನೋಡುವುದು ಇಡೀ ಊರು. ಟೆಂಟಿನ ಆಟಕ್ಕಾದರೆ ಟಿಕೆಟ್ ಕೊಂಡವರಿಗಷ್ಟೇ ಪ್ರವೇಶ. ನಿಮ್ಮ ಮಗ ಕೊಡುತ್ತಿರುವುದು ಟಿಕೆಟ್ಟಿನ ಹಣವಲ್ಲ, ವೀಳ್ಯದಲ್ಲಿ ಒಂದು ಪಾಲು. ನೀವು ಉಚಿತವಾಗಿ ನೋಡುವುದು ಸಾಧ್ಯವಾಗಿರುವುದರಲ್ಲಿ ಅಂಥವರ ಹಣವೂ ಸೇರಿದೆ.

ಜಾಹೀರಾತಿನ ಆದಾಯ ಇದೆಯಲ್ಲ ಎಂದು ನೀವು ಕೇಳಬಹುದು. ಆ ಆದಾಯ ಹೆಚ್ಚಾಗಿ ಎಷ್ಟು ಜನ ನೋಡಿದರು ಎಂಬುದರ ಮೇಲೆ ನಿಂತಿದೆಯೇ ಹೊರತು ನೋಡಿದವರಿಗೆ ಅದು ಎಷ್ಟು ಉಪಕಾರವಾಯಿತು ಎಂಬುದರ ಮೇಲಲ್ಲ. ಮಳೆಗಾಲಕ್ಕೆ ಮುಂಚೆ ಬೋರ್ಡೋ ದ್ರಾವಣವನ್ನು ಹದವಾಗಿ ತಯಾರಿಸುವುದು ಹೇಗೆಂದು ತೋರಿಸುವ ವಿಡಿಯೊವನ್ನು ಕೆಲವೇ ಸಾವಿರ ಬೆಳೆಗಾರರು ನೋಡಿಯಾರು; ಅವರ ತೋಟ ಕೊಳೆರೋಗದಿಂದ ಉಳಿದರೂ ಆ ಲಾಭ ಜಾಹೀರಾತಿನ ಲೆಕ್ಕಕ್ಕೆ ಬರುವುದಿಲ್ಲ. ಅಮೆರಿಕದ ಸಂಗೀತಗಾರ ಜ್ಯಾಕ್ ಕಾಂಟಿ, ಸ್ಯಾಮ್ ಯಾಮ್ ಅವರೊಡನೆ 2013ರಲ್ಲಿ, ಮೆಚ್ಚಿದವರೇ ಕಲಾವಿದರಿಗೆ ನೇರವಾಗಿ ಹಣ ಕೊಡುವ ಪೇಟ್ರಿಯಾನ್ ಎಂಬ ವ್ಯವಸ್ಥೆಯನ್ನು ಕಟ್ಟಿದ್ದು ಇದೇ ಕೊರತೆಯನ್ನು ಸ್ವತಃ ಅನುಭವಿಸಿದ ಮೇಲೆ. ನಿಮ್ಮ ಮಗನಂತೆ ತಿಂಗಳಿಗಿಷ್ಟು ಕೊಟ್ಟು ಚಾನೆಲ್ಲಿಗೆ ಸೇರುವ ಯೂಟ್ಯೂಬಿನ ಸದಸ್ಯತ್ವ 2018ರಲ್ಲಿ ವ್ಯಾಪಕವಾಗಿ ಬಂದಿತು. ಅದರ ಹಣದಲ್ಲಿ ಶೇ. 30ರಷ್ಟನ್ನು ಕಂಪನಿಯೇ ಇಟ್ಟುಕೊಳ್ಳುತ್ತದೆ.

ಒಮ್ಮೆಗೇ ದೊಡ್ಡ ಮೊತ್ತ ಕೊಡದೆ ತಿಂಗಳಿಗಿಷ್ಟು ಎಂದು ಕೊಡುವುದೇಕೆಂದರೆ, ಮುಂದಿನ ತಿಂಗಳು ಇಷ್ಟು ಬರುತ್ತದೆಂಬ ಭರವಸೆಯಿದ್ದರೆ ಮಾತ್ರ ಚಾನೆಲ್ ನಡೆಸುವಾತ ಕ್ಯಾಮೆರಾ ಹಿಡಿಯುವವನಿಗೆ ಸಂಬಳ ಗೊತ್ತುಮಾಡಿ, ಒಂದು ತೋಟವನ್ನು ವರ್ಷವಿಡೀ ಗಮನಿಸಬಲ್ಲ. ಊರು ಬಿಟ್ಟಿರುವ ನಿಮ್ಮ ಮಗನಿಗೆ ತೋಟದೊಡನೆ ನಂಟು ಉಳಿಸಿಕೊಳ್ಳುವ ದಾರಿಯೂ ಇದೇ ಆಗಿರಬಹುದು. ಅವನನ್ನೇ ಕೇಳಿ ನೋಡಿ. ಕೇಳಬೇಕಾದ ಮಾತು ಅದು.

ಮೋಹದ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ನೇರ ಪ್ರಸಾರದಲ್ಲಿ ಹೆಸರು ಓದಿಸಿಕೊಳ್ಳಲೆಂದು ಮತ್ತೆ ಮತ್ತೆ ಹಣ ಕಳುಹಿಸುವವರಿದ್ದಾರೆ. ಪರದೆಯ ಮೇಲಿನವರು ತಮ್ಮ ಆಪ್ತರೆಂದು ಅವರಿಗೆ ತೋರುತ್ತದೆ, ಆದರೆ ಆ ಆಪ್ತತೆ ಬಹುಪಾಲು ಒಂದೇ ಕಡೆಯದು. ಸಂಬಳದಲ್ಲಿ 159 ರೂಪಾಯಿ ತೆಗೆದಿಡುವುದನ್ನು ಆ ಸಾಲಿಗೆ ಸೇರಿಸಲು ನನಗೆ ಮನಸ್ಸಿಲ್ಲ. ಕಾರ್ಡಿನಿಂದ ತಾನಾಗಿ ಹಣ ಹೋಗುವಂತಿದ್ದರೆ, ರಿಸರ್ವ್ ಬ್ಯಾಂಕಿನ ನಿಯಮದಂತೆ ಕನಿಷ್ಠ 24 ಗಂಟೆ ಮೊದಲು ಸೂಚನೆ ಬರಬೇಕು. ಬೇಡವೆನಿಸಿದ ತಿಂಗಳು ಅವನು ಅದನ್ನು ನಿಲ್ಲಿಸಬಹುದು.