ಸ್ಕೀ ಎಷ್ಟು ಉದ್ದ ಇರಬೇಕು, ಬೂಟು ಎಲ್ಲಿ ನಿಲ್ಲಬೇಕು?

ಪ್ರಶ್ನೆ: ನಾನು ಬೆಳಗಾವಿಯ ಟಿಳಕವಾಡಿಯವನು. ಎರಡು ಚಳಿಗಾಲ ಗುಲ್ಮಾರ್ಗ್‌ಗೆ ಹೋಗಿ ಸ್ಕೀಯಿಂಗ್ ಕಲಿತಿದ್ದೇನೆ. ಅಲ್ಲಿ ಬಾಡಿಗೆಗೆ ಸಿಕ್ಕಿದ್ದು 160 ಸೆಂ.ಮೀ. ಸ್ಕೀ. ಈ ಸಲ ಸ್ವಂತಕ್ಕೆ, ಸಮ ಇಳಿಜಾರು, ಪುಡಿ ಹಿಮ ಎರಡಕ್ಕೂ ಆಗುವ ಆಲ್‌ಮೌಂಟನ್ ಸ್ಕೀ ತಗೋಬೇಕು ಅಂತಿದ್ದೇನೆ. ನನ್ನ ಎತ್ತರ 172 ಸೆಂ.ಮೀ., ತೂಕ 78 ಕೆ.ಜಿ. ನಾನು ನೋಡಿರುವ ಮಾಡೆಲ್ 164, 172, 180 ಹೀಗೆ ಮೂರು ಉದ್ದದಲ್ಲಿ ಬರುತ್ತದೆ. ನಡುವಿನ ಅಗಲ 92 ಮಿ.ಮೀ. ಒಬ್ಬರು ಗದ್ದದವರೆಗೆ ಬಂದರೆ ಸಾಕು ಅಂತಾರೆ, ಇನ್ನೊಬ್ಬರು ತಲೆ ದಾಟಿರಲಿ ಅಂತಾರೆ. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗನ್ನು ಕಂಪನಿ ಹಾಕಿದ ಗೆರೆಯ ಮೇಲೇ ಕೂರಿಸಬೇಕಾ, ಒಂದು ಸೆಂಟಿಮೀಟರ್ ಹಿಂದೆ ಸರಿಸಬೇಕಾ ಅನ್ನೋದೂ ಗೊಂದಲ.

ಉತ್ತರ: 172 ತಗೊಳ್ಳಿ, ಬೈಂಡಿಂಗ್ ಗೆರೆಯ ಮೇಲೇ ಇರಲಿ. ಯಾಕೆ ಅಂತಲೂ ಹೇಳುತ್ತೇನೆ. ನಾಳೆ ಬೇರೆ ಮಾಡೆಲ್ ಇಷ್ಟವಾದರೆ ಲೆಕ್ಕ ನೀವೇ ಹಾಕಬೇಕಲ್ಲ.

ಗದ್ದ, ಮೂಗು, ಹಣೆ ಅನ್ನುವ ಅಳತೆ ಅಂಗಡಿಯಲ್ಲಿ ರಾಶಿಯಿಂದ ಒಂದು ಜೊತೆ ಆರಿಸಲು ಸಾಕು. ಹೊಸಬರಿಗೆ ಗದ್ದದಿಂದ ಮೂಗಿನವರೆಗೆ, ಸ್ವಲ್ಪ ಪಳಗಿದವರಿಗೆ ಹಣೆಯವರೆಗೆ, ಜೋರಾಗಿ ಇಳಿಯುವವರಿಗೆ ತಲೆಯ ಮಟ್ಟ ಅಥವಾ ಅದಕ್ಕಿಂತ ಜಾಸ್ತಿ. ಆದರೆ ಸ್ಕೀ ಬಾಗುವುದು ನಿಮ್ಮ ತೂಕಕ್ಕೆ, ಎತ್ತರಕ್ಕಲ್ಲ. ಹಳ್ಳಕ್ಕೆ ಅಡ್ಡ ಹಾಕಿದ ಹಲಗೆಯ ಮೇಲೆ ನಡೆದು ನೋಡಿ. ಹಲಗೆ ಎಷ್ಟು ಜಗ್ಗುತ್ತದೆ ಅನ್ನುವುದು ನೀವು ಎಷ್ಟು ಕೆ.ಜಿ. ಅನ್ನುವುದರ ಮೇಲಿದೆ. ನಿಮ್ಮಷ್ಟೇ ಎತ್ತರದ, 58 ಕೆ.ಜಿ. ತೂಗುವ ಗೆಳೆಯನಿಗೆ 164 ಚೆನ್ನಾಗಿ ಬಾಗುತ್ತದೆ, ಹೇಳಿದಂತೆ ತಿರುಗುತ್ತದೆ. ಅದೇ ಸ್ಕೀ ನಿಮ್ಮ 78 ಕೆ.ಜಿ.ಗೆ ಅತಿಯಾಗಿ ಬಾಗಿ, ವೇಗ ಬಂದ ಕೂಡಲೇ ಮೂತಿ ಅದುರಲು ಶುರುವಾಗುತ್ತದೆ. ಹಾಗಾಗಿ 164 ಬೇಡ.

ಹಾಗಾದರೆ 180 ಯಾಕಲ್ಲ? ಇಲ್ಲಿ ಸ್ಕೀಯ ಆಕಾರ ನೋಡಬೇಕು. ಸ್ಕೀ ಮೇಲೆ ಬರೆದಿರುವ ಉದ್ದವೆಲ್ಲ ಹಿಮ ಮುಟ್ಟುವುದಿಲ್ಲ. ಈಗಿನ ಆಲ್‌ಮೌಂಟನ್ ಸ್ಕೀಗಳಲ್ಲಿ ಮೂತಿಯ ಭಾಗ ಬೇಗನೇ ಮೇಲೆದ್ದಿರುತ್ತದೆ, ಕೆಲವಲ್ಲಿ ಬಾಲವೂ ಎದ್ದಿರುತ್ತದೆ. ಇದಕ್ಕೆ ರಾಕರ್ ಅನ್ನುತ್ತಾರೆ. ಕಣ್ಣಾರೆ ನೋಡಬೇಕಾದರೆ ಎರಡೂ ಸ್ಕೀಗಳ ತಳಕ್ಕೆ ತಳ ತಾಗಿಸಿ ನಿಲ್ಲಿಸಿ. ನಡುವೆ ಸಣ್ಣ ಸಂದಿ ಕಾಣುತ್ತದೆ, ಅದು ಕ್ಯಾಂಬರ್. ಎರಡೂ ಕೈಯಿಂದ ನಡುವನ್ನು ಒತ್ತಿ ಸಂದಿ ಮುಚ್ಚಿ. ಈಗ ಮೇಲೆ ಮೂತಿಯ ಕಡೆ ಎರಡೂ ಎಲ್ಲಿ ಬೇರೆಯಾಗುತ್ತವೆ ಅಂತ ಗಮನಿಸಿ. ತುದಿಯಿಂದ ಒಂದು ಗೇಣಿಗಿಂತ ಜಾಸ್ತಿ ಕೆಳಗೇ ಬೇರೆಯಾದರೆ, ಗಟ್ಟಿ ಹಿಮದ ಮೇಲೆ ಆ ಸ್ಕೀ ಬರೆದ ಉದ್ದಕ್ಕಿಂತ ಗಿಡ್ಡವಾಗಿ ವರ್ತಿಸುತ್ತದೆ. ಅಂಥದ್ದನ್ನು ಒಂದು ಸೈಜ್ ದೊಡ್ಡದು ತಗೊಂಡರೂ ನಡೆಯುತ್ತದೆ. ರಾಕರ್ ಕಮ್ಮಿ ಇದ್ದರೆ ಬರೆದ ಉದ್ದವನ್ನೇ ನಂಬಿ.

ನಿಮಗೆ 180 ಹೇಳಿದವರು ಹಳೆಯ ಕಾಲದವರಿರಬಹುದು. ನೇರ ಅಂಚಿನ ಸ್ಕೀಗಳ ಕಾಲದಲ್ಲಿ ಕೈ ಎತ್ತಿದರೆ ಮಣಿಕಟ್ಟು ಮುಟ್ಟುವಷ್ಟು ಉದ್ದ ಬೇಕಿತ್ತು, 2 ಮೀಟರ್ ಅಂದರೆ ಮಾಮೂಲಿ. 1993ರಲ್ಲಿ ಎಲಾನ್ ಕಂಪನಿ ನಡು ಸಣ್ಣ, ತುದಿಗಳು ಅಗಲ ಇರುವ ಎಸ್‌ಸಿಎಕ್ಸ್ ಸ್ಕೀ ತಂದಿತು. ಅಲ್ಲಿಂದ ಹತ್ತು ವರ್ಷದೊಳಗೆ ಎಲ್ಲರ ಸ್ಕೀಯೂ ಗಿಡ್ಡವಾಯಿತು. ಅವರ ಸಲಹೆ ಅವರ ಸ್ಕೀಗೆ ಸರಿಯಾಗಿಯೇ ಇತ್ತು.

ಇನ್ನು ಎಲ್ಲಿ ಆಡುತ್ತೀರಿ ಅನ್ನೋದು. ಗುಲ್ಮಾರ್ಗ್ ಬಯಲು ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಗೊಂಡೋಲದ (ಅಲ್ಲಿನ ಕೇಬಲ್ ಕಾರ್) ಎರಡನೇ ಹಂತ ಅಫರ್ವಾಟ್ ಬೆಟ್ಟದ ಮೇಲೆ ಸುಮಾರು 3,950 ಮೀಟರಿಗೆ ಒಯ್ಯುತ್ತದೆ. ಮೇಲಿನದ್ದೆಲ್ಲ ಯಂತ್ರ ಓಡಿಸಿ ಸಮ ಮಾಡದ, ಆಳವಾದ ಪುಡಿ ಹಿಮ. ಅಲ್ಲಿ ಉದ್ದ ಮತ್ತು ಅಗಲ ಎರಡೂ ತೇಲಲು ಸಹಾಯ ಮಾಡುತ್ತವೆ. ನೀವು ಗೈಡ್ ಜೊತೆ ಹೆಚ್ಚು ಹೊತ್ತು ಮೇಲೇ ಕಳೆಯುವವರಾಗಿದ್ದರೆ 180ಕ್ಕೆ ಅರ್ಥ ಇತ್ತು. ಎರಡು ಚಳಿಗಾಲ ಕಲಿತವರು ಇನ್ನೂ ಬಹುಪಾಲು ಕೆಳಗೇ ಇರುತ್ತೀರಿ, ಮರಗಳ ನಡುವೆ ಸಣ್ಣ ತಿರುವು ಹಾಕುವುದೂ ಬರುತ್ತದೆ. ಅದಕ್ಕೇ 172.

ಈಗ ಬೈಂಡಿಂಗ್. ಸ್ಕೀ ಮೇಲ್ಮೈಯಲ್ಲಿ ನಡುವಿನ ಹತ್ತಿರ ಒಂದು ಸಣ್ಣ ಅಡ್ಡ ಗೆರೆ ಇರುತ್ತದೆ. ಬೂಟಿನ ಪಕ್ಕದಲ್ಲಿ, ಅಟ್ಟೆಯ ಸ್ವಲ್ಪ ಮೇಲೆ, ಇನ್ನೊಂದು ಗೆರೆ ಇರುತ್ತದೆ. ಇವೆರಡೂ ಕೂಡಬೇಕು, ಅಷ್ಟೇ. ಸ್ಕೀಯ ಗೆರೆ ನಟ್ಟನಡುವೆ ಇರುವುದಿಲ್ಲ. ಟೇಪ್ ಹಿಡಿದು ಬಾಲದಿಂದ ಮೂತಿಗೆ ನೇರ ಅಳೆಯಿರಿ. 172 ಅಂತ ಬರೆದದ್ದು 171 ಬರಬಹುದು, ಗಾಬರಿ ಬೇಡ, ಕಂಪನಿಗಳು ಅಳೆಯುವ ರೀತಿ ಬೇರೆಬೇರೆ. ಅರ್ಧ ಮಾಡಿದರೆ 85.5. ಗೆರೆ ಬಾಲದಿಂದ 77.5ರಲ್ಲಿ ಇದ್ದರೆ, ಅದು ನಡುವಿಗಿಂತ 8 ಸೆಂ.ಮೀ. ಹಿಂದಿದೆ ಅಂತ ಲೆಕ್ಕ. ಆಲ್‌ಮೌಂಟನ್ ಸ್ಕೀಗಳಲ್ಲಿ ಇದು ಸಾಮಾನ್ಯವಾಗಿ 6ರಿಂದ 10. ಹಾರಿ ತಿರುಗಿ ಹಿಮ್ಮುಖವಾಗಿ ಇಳಿಯುವವರ ಫ್ರೀಸ್ಟೈಲ್ ಸ್ಕೀಗಳಲ್ಲಿ ಗೆರೆ ನಡುವಿಗೆ ತೀರಾ ಹತ್ತಿರ ಇರುತ್ತದೆ.

ಗೆರೆಯಿಂದ ಮುಂದೆ ಸರಿಸಿದರೆ ತಿರುವು ಸಲೀಸಾಗಿ ಶುರುವಾಗುತ್ತದೆ, ಆದರೆ ಪುಡಿ ಹಿಮದಲ್ಲಿ ಮೂತಿ ಮುಳುಗುತ್ತದೆ. ಹಿಂದೆ ಸರಿಸಿದರೆ ಮೂತಿ ತೇಲುತ್ತದೆ, ವೇಗದಲ್ಲಿ ಸ್ಥಿರ ಇರುತ್ತದೆ, ಆದರೆ ತಿರುಗಿಸಲು ಜಾಸ್ತಿ ಬಲ ಬೇಕು. 1 ಸೆಂ.ಮೀ. ಬದಲಾವಣೆಯೇ ಕಾಲಿಗೆ ಗೊತ್ತಾಗುತ್ತದೆ, 2 ಅಂದರೆ ದೊಡ್ಡ ಮಾತು. ಸ್ಕೀಯ ಬಾಗು, ಅಂಚಿನ ವಕ್ರ, ಎಲ್ಲವನ್ನೂ ಆ ಗೆರೆಗೆ ಹೊಂದಿಸಿಯೇ ಮಾಡಿರುತ್ತಾರೆ. ಸುಮ್ನೆ ಯಾರೋ ಹೇಳಿದರು ಅಂತ ಬಿಡಬೇಡಿ. ಪಾದ ತೀರಾ ಚಿಕ್ಕದಿದ್ದವರಿಗೆ ಹೆಬ್ಬೆರಳಿನ ಬುಡ ಬೂಟಿನ ಮಧ್ಯಕ್ಕೆ ಹತ್ತಿರ ಬೀಳುತ್ತದೆ. ಅಂಥವರು ಅರ್ಧ ಸೆಂಟಿಮೀಟರ್ ಮುಂದೆ ಹೋಗುವುದರಲ್ಲಿ ನ್ಯಾಯ ಇದೆ. ಹಿಂದೆಮುಂದೆ ಮಾಡಿ ನೋಡುವ ಆಸೆ ಇದ್ದರೆ ಹಳಿಯ ಮೇಲೆ ಸರಿಯುವ ಬೈಂಡಿಂಗ್ ತಗೊಳ್ಳಿ, ಸ್ವಲ್ಪ ಭಾರ ಜಾಸ್ತಿ ಅಷ್ಟೇ.

ಒಂದು ಮಾತು ಒತ್ತಿ ಹೇಳುತ್ತೇನೆ. ಮೊದಲು ಬೂಟು, ಆಮೇಲೆ ಸ್ಕೀ, ಕೊನೆಗೆ ಬೈಂಡಿಂಗ್. ಬೂಟಿನ ಹಿಮ್ಮಡಿಯ ಪಕ್ಕ 305 ಮಿ.ಮೀ. ಅನ್ನುವಂಥ ಒಂದು ಸಂಖ್ಯೆ ಇರುತ್ತದೆ, ಅದು ಅಟ್ಟೆಯ ಉದ್ದ. ಅದು ಗೊತ್ತಿಲ್ಲದೆ ತೂತು ಹೊಡೆಯಲು ಬರುವುದಿಲ್ಲ. ಬೂಟು ಕಳಚಿದಾಗ ಸ್ಕೀ ಜಾರಿ ಹೋಗದಂತೆ ತಡೆಯುವ ಬೈಂಡಿಂಗಿನ ಬ್ರೇಕ್ ನಿಮ್ಮ ಸ್ಕೀಯ 92ಕ್ಕಿಂತ ಸ್ವಲ್ಪ ಅಗಲ ಇರಬೇಕು, 95 ಅಥವಾ 100 ಸರಿ.

ನಿಮ್ಮ ಬೆಳಗಾವಿಯ ಉದ್ಯಮಬಾಗದಲ್ಲಿ ಎಂಥೆಂಥ ಮಷಿನ್ ಕೆಲಸ ಮಾಡುವವರಿದ್ದಾರೆ. 4.1 ಮಿ.ಮೀ. ತೂತು ಅವರಿಗೆ ಲೆಕ್ಕಕ್ಕಿಲ್ಲ, ಡ್ರಿಲ್ ಅಳತೆ ಸ್ಕೀ ಮೇಲೇ ಅಚ್ಚಾಗಿರುತ್ತದೆ. ಆದರೂ ಊರಲ್ಲಿ ಮಾಡಿಸಬೇಡಿ. ತೂತು ಕೊರೆದಲ್ಲಿಗೆ ಕೆಲಸ ಮುಗಿಯುವುದಿಲ್ಲ. ಹಿಮ್ಮಡಿಯ ಕಡೆಯಿಂದ ಬೂಟನ್ನು ಮುಂದಕ್ಕೆ ಒತ್ತುವ ಬಲ ಹೊಂದಿಸಬೇಕು. ಬಿದ್ದಾಗ ಬೂಟು ಕಳಚಿಕೊಳ್ಳುವ ಡಿನ್ ಸಂಖ್ಯೆಯನ್ನು ತೂಕ, ಎತ್ತರ, ವಯಸ್ಸು, ಅಟ್ಟೆಯ ಉದ್ದ, ಇಳಿಯುವ ರೀತಿ ಎಲ್ಲ ನೋಡಿ ಇಡಬೇಕು. ಇದು ತಪ್ಪಿದರೆ ಪೆಟ್ಟು ಬೀಳುವುದು ಮೊಣಕಾಲಿಗೆ. ಸ್ಕೀ ಅಂಗಡಿಯ ತರಬೇತಿ ಪಡೆದ ಮೆಕ್ಯಾನಿಕ್ ಕೈಯಲ್ಲೇ ಮಾಡಿಸಿ.

ಪ್ರಶ್ನೆ: ಜರ್ಮನಿಯಲ್ಲಿರುವ ನಮ್ಮಣ್ಣ ತಾನು ಬಳಸಿದ ಸ್ಕೀ ಕೊಡುತ್ತೇನೆ ಅಂದಿದ್ದಾನೆ. ಬೈಂಡಿಂಗ್ 315 ಮಿ.ಮೀ. ಬೂಟಿಗೆ ಹೊಂದಿಸಿದೆ. ನನ್ನ ಬೂಟು 297. ಹಿಂಭಾಗ ಸರಿಸಿದರೆ ಸಾಕಾ? — ವಿಜಯಪುರದಿಂದ

ಉತ್ತರ: ಬೂಟು ಕೂರುತ್ತದೆ, ಆದರೆ ಜಾಗ ಬದಲಾಗುತ್ತದೆ. ಮುಂಭಾಗ ಅಲ್ಲೇ ಇದ್ದು ಹಿಂಭಾಗ ಮಾತ್ರ 18 ಮಿ.ಮೀ. ಮುಂದೆ ಬಂದರೆ, ಬೂಟಿನ ಮಧ್ಯ 9 ಮಿ.ಮೀ. ಮುಂದೆ ಸರಿಯುತ್ತದೆ. ಅಂದರೆ ನಿಮಗೆ ಗೊತ್ತಿಲ್ಲದೆಯೇ ಸುಮಾರು 1 ಸೆಂ.ಮೀ. ಮುಂದೆ ಕೂರಿಸಿದ ಹಾಗೆ. ಸಮ ಮಾಡಿದ ಇಳಿಜಾರಿನಲ್ಲಿ ಕಲಿಯುತ್ತಿದ್ದರೆ ಇದು ತೊಂದರೆ ಕೊಡುವುದಿಲ್ಲ. ಎರಡೂ ಭಾಗ ಸರಿಯುವ ಬೈಂಡಿಂಗಾದರೆ ಮುಂದಿನದನ್ನು 9 ಹಿಂದಕ್ಕೆ, ಹಿಂದಿನದನ್ನು 9 ಮುಂದಕ್ಕೆ ತನ್ನಿ, ಗೆರೆಗೆ ಗೆರೆ ಕೂಡುತ್ತದೆ.

ಅದಕ್ಕಿಂತ ಮುಖ್ಯ ಬೂಟಿನ ಅಟ್ಟೆ. ನಿಮ್ಮದು ನಡೆಯಲು ಅನುಕೂಲವಾದ ಬಾಗಿದ ರಬ್ಬರ್ ಅಟ್ಟೆಯ ಗ್ರಿಪ್‌ವಾಕ್ ಆಗಿದ್ದರೆ, ಗಟ್ಟಿ ಚಪ್ಪಟೆ ಅಟ್ಟೆಗೆಂದೇ ಮಾಡಿದ ಹಳೆಯ ಆಲ್ಪೈನ್ ಬೈಂಡಿಂಗಿಗೆ ಹೊಂದುವುದಿಲ್ಲ. ಬಿದ್ದಾಗ ಸರಿಯಾಗಿ ಕಳಚಿಕೊಳ್ಳದೇ ಹೋಗಬಹುದು. ಅಣ್ಣನಿಗೆ ಬೈಂಡಿಂಗ್ ಮೇಲಿನ ಗುರುತುಗಳ ಫೋಟೋ ಕಳಿಸಲು ಹೇಳಿ. ಅದು ತೀರಾ ಹಳೆಯದಾದರೆ ಸ್ಕೀ ಅಂಗಡಿಯವರು ಮುಟ್ಟುವುದೂ ಇಲ್ಲ. ಹಳೆಯ ತೂತುಗಳ ಪಕ್ಕದಲ್ಲೇ ಹೊಸ ತೂತು ಹೊಡೆಯುವ ಪ್ರಸಂಗ ಬಂದರೆ, ನಡುವೆ ಕನಿಷ್ಠ 1 ಸೆಂ.ಮೀ. ಜಾಗ ಉಳಿಯಲಿ.

ಪ್ರಶ್ನೆ: ಮಗಳಿಗೆ 12 ವರ್ಷ, 145 ಸೆಂ.ಮೀ. ಎತ್ತರ, 36 ಕೆ.ಜಿ. ಬೆಳೆಯುವ ಹುಡುಗಿ, ಎರಡು ವರ್ಷಕ್ಕಾದರೂ ಬರಲಿ ಅಂತ 150ರ ಸ್ಕೀ ಕೊಡಿಸಬಹುದಾ? — ಬಾಗಲಕೋಟೆಯ ನವನಗರದಿಂದ ಒಬ್ಬ ತಾಯಿ

ಉತ್ತರ: ಬೇಡ. ಅಷ್ಟು ಉದ್ದದ್ದನ್ನು ಅವಳ ತೂಕ ಬಾಗಿಸುವುದಿಲ್ಲ, ತಿರುಗದ ಸ್ಕೀ ಮೇಲೆ ಮಗು ಹೆದರಿಬಿಡುತ್ತದೆ. 130ರ ಆಸುಪಾಸು ಸಾಕು, ಅದನ್ನೂ ಬಾಡಿಗೆಗೆ ತಗೊಳ್ಳಿ. ದುಡ್ಡು ಹಾಕುವುದಿದ್ದರೆ ಅವಳ ಪಾದಕ್ಕೆ ಸರಿಯಾಗಿ ಕೂರುವ ಬೂಟಿಗೆ ಹಾಕಿ. ಅಂಗಡಿಯಲ್ಲಿ ತೆಳ್ಳನೆಯ ಕಾಲುಚೀಲ ಒಂದೇ ಹಾಕಿಸಿ ನೋಡಿ. ಎರಡು ಜೊತೆ ಹಾಕಿದರೆ ಪಾದ ಬಿಗಿಯಾಗಿ, ರಕ್ತ ಓಡದೆ, ಚಳಿ ಇನ್ನೂ ಜಾಸ್ತಿ ಆಗುತ್ತದೆ.