ಹುಳದ ವಿಡಿಯೊ ಹರಿದಾಡ್ತಿದೆ, ಪತ್ರಿಕಾ ಪ್ರಕಟಣೆ ಕೊಡೋದಾ?

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದೊಂದು ಸಣ್ಣ ಕುರುಕಲು ತಿಂಡಿ ಘಟಕ ಇದೆ. ಹೋದ ವಾರ ಗ್ರಾಹಕರೊಬ್ಬರು ನಮ್ಮ ನಿಪ್ಪಟ್ಟಿನ ಪ್ಯಾಕೆಟ್‌ನಲ್ಲಿ ಹುಳ ಇತ್ತು ಎಂದು ವಿಡಿಯೊ ಮಾಡಿ ವಾಟ್ಸ್‌ಆ್ಯಪ್‌ಗೆ ಬಿಟ್ಟಿದ್ದಾರೆ. ಅಂಗಡಿಯವರು ಸರಿಯಾಗಿ ಇಟ್ಟಿಲ್ಲ ಅನ್ನೋದು ನಮ್ಮ ಅನುಮಾನ. ಹಾಗಂತ ಪತ್ರಿಕಾ ಪ್ರಕಟಣೆ ಕೊಡಬಹುದಾ? ದುಡ್ಡು ಕೊಟ್ಟರೆ ನಮ್ಮ ಪರ ಸುದ್ದಿ ಹಾಕಿಸ್ತೀವಿ ಅಂತ ಒಂದು ಪಿಆರ್ (ಸಾರ್ವಜನಿಕ ಸಂಪರ್ಕ) ಏಜೆನ್ಸಿ ಹೇಳ್ತಿದೆ. ಒಪ್ಪಿಕೊಳ್ಳೋಣವಾ?

ಉತ್ತರ: ಅಂಗಡಿಯವರ ಮೇಲೆ ಹಾಕುವ ಮಾತು ಮಾತ್ರ ಬೇಡವೇ ಬೇಡ. ಅದು ನಿಜವೇ ಆಗಿದ್ದರೂ ಬೇಡ. 2003ರ ಅಕ್ಟೋಬರ್‌ನಲ್ಲಿ, ದೀಪಾವಳಿ ಹೊತ್ತಿಗೆ ಸರಿಯಾಗಿ, ಮಹಾರಾಷ್ಟ್ರದಲ್ಲಿ ಕ್ಯಾಡ್ಬರಿ ಡೇರಿ ಮಿಲ್ಕ್‌ನಲ್ಲಿ ಹುಳ ಸಿಕ್ಕಿತು. ಅಂಗಡಿಗಳಲ್ಲಿ ಸರಿಯಾಗಿ ಇಟ್ಟಿಲ್ಲ ಅಂತಲೇ ಕಂಪನಿಯೂ ಮೊದಲು ಹೇಳಿತು. ಹಾಗಾದರೆ ನಿಮ್ಮ ಪ್ಯಾಕಿಂಗ್ ಭದ್ರವಾಗಿರಬೇಕಿತ್ತಲ್ವಾ ಎಂದು ಅಲ್ಲಿನ ಆಹಾರ ಇಲಾಖೆ ತಿರುಗಿಸಿ ಕೇಳಿತು. ಜನರೂ ಅದನ್ನೇ ಕೇಳಿದರು. ಕೊನೆಗೆ ಕಂಪನಿ 2004ರ ಜನವರಿಯಲ್ಲಿ ಹೊಸ ಪ್ಯಾಕಿಂಗ್ ತಂದಿತು. ಆಮೇಲೆ ಅಮಿತಾಭ್ ಬಚ್ಚನ್ ಅವರನ್ನು ಜಾಹೀರಾತಿಗೆ ಕರೆತಂದಿತು. ಜನ ಬಚ್ಚನ್ ಅವರನ್ನು ನೆನಪಿಟ್ಟುಕೊಳ್ಳುತ್ತಾರೆ. ನೀವು ನೆನಪಿಡಬೇಕಾದದ್ದು ಪ್ಯಾಕಿಂಗ್. ಅದು ಬದಲಾಗದೆ ಜಾಹೀರಾತು ಬಂದಿದ್ದರೆ ನಗೆಪಾಟಲಾಗುತ್ತಿತ್ತು.

ನಿಮಗಂತೂ ಅಂಗಡಿಯವರೇ ಅನ್ನದಾತರು. ಅವರನ್ನು ದೂರಿದರೆ ನಾಳೆ ನಿಮ್ಮ ಪ್ಯಾಕೆಟ್ ಹಿಂದಿನ ಸಾಲಿಗೆ ಹೋಗುತ್ತದೆ.

ಮೊದಲು ವಿಡಿಯೊ ಮಾಡಿದವರ ಮನೆಗೆ ನೀವೇ ಹೋಗಿ. ಸೇಲ್ಸ್ ಹುಡುಗನನ್ನು ಕಳಿಸಬೇಡಿ, ವಕೀಲರ ನೋಟಿಸನ್ನಂತೂ ಕಳಿಸಲೇಬೇಡಿ. ಪ್ಯಾಕೆಟ್ ಮೇಲಿನ ಬ್ಯಾಚ್ ನಂಬರ್, ತಯಾರಾದ ದಿನಾಂಕ ಬರೆದುಕೊಳ್ಳಿ. ಅದೇ ಬ್ಯಾಚಿನ ಉಳಿದ ಪ್ಯಾಕೆಟ್ ತರಿಸಿ, ಒಡೆದು ನೋಡಿ. ಅಂಗಡಿಗಳಿಗೆ ಹೀಗೊಂದು ಮೆಸೇಜ್ ಹೋಗಲಿ: ‘ಈ ಬ್ಯಾಚಿನ ನಿಪ್ಪಟ್ಟು ಮಾರಬೇಡಿ. ನಾಳೆ ನಮ್ಮ ಗಾಡಿ ಬಂದು ವಾಪಸ್ ತಗೊಂಡು ಹೋಗುತ್ತದೆ, ದುಡ್ಡು ಕೊಡುತ್ತೇವೆ.’ ನಿಮ್ಮ ಕೆಲಸಗಾರರಿಗೂ ವಿಷಯ ತಿಳಿಸಿ. ಊರಿನವರು ಮೊದಲು ಕೇಳೋದು ಅವರನ್ನೇ.

ಇನ್ನು ಏಜೆನ್ಸಿ. ದುಡ್ಡು ಕೊಟ್ಟು ಹಾಕಿಸಿದ್ದು ಜಾಹೀರಾತು, ಸುದ್ದಿಯಲ್ಲ. ಈ ವೃತ್ತಿಯ ಹಿರಿಯರಲ್ಲೊಬ್ಬರಾದ ಅಮೆರಿಕದ ಐವಿ ಲೀ 1906ರಲ್ಲೇ ಪತ್ರಿಕೆಗಳಿಗೆ ಇದನ್ನು ಬರೆದುಕೊಟ್ಟಿದ್ದರು: ನಮ್ಮದು ಗುಟ್ಟಿನ ಕೆಲಸವಲ್ಲ, ನಾವು ಕಳಿಸಿದ್ದು ಜಾಹೀರಾತು ವಿಭಾಗಕ್ಕೆ ಹೋಗಬೇಕಾದದ್ದು ಅನ್ನಿಸಿದರೆ ಹಾಕಬೇಡಿ. ಅದೇ ವರ್ಷ ಅಟ್ಲಾಂಟಿಕ್ ಸಿಟಿಯಲ್ಲಿ ರೈಲು ಸೇತುವೆಯಿಂದ ನೀರಿಗೆ ಬಿದ್ದಾಗ, ಮುಚ್ಚಿಡುವ ಬದಲು ರೈಲ್ವೆ ಕಂಪನಿಯ ಕಡೆಯಿಂದ ಅವರೇ ವಿವರ ಬರೆದು ಪತ್ರಿಕೆಗಳಿಗೆ ಕೊಟ್ಟರು. ಪತ್ರಿಕಾ ಪ್ರಕಟಣೆ ಶುರುವಾದದ್ದೇ ಅಲ್ಲಿಂದ ಅನ್ನುವವರಿದ್ದಾರೆ. (ಮುಂದೆ ಲೀ ಅವರ ಹೆಸರೂ ಕೆಟ್ಟಿತು. ನಾಜಿ ಜರ್ಮನಿಯ ಕಂಪನಿಗೆ ಸಲಹೆ ಕೊಡಲು ಹೋಗಿದ್ದರು.) ಒಳ್ಳೆ ಏಜೆನ್ಸಿಗಳು ಇವತ್ತಿಗೂ ಪತ್ರಕರ್ತರಿಗೆ ಮಾಹಿತಿ ಕೊಡುತ್ತವೆ. ಸುದ್ದಿ ಬಂದೇ ಬರುತ್ತೆ ಅಂತ ಗ್ಯಾರಂಟಿ ಕೊಡುವುದಿಲ್ಲ.

ಪ್ರಕಟಣೆ ಬರೆದು ಸಿದ್ಧವಾಗಿಡಿ, ಈಗಲೇ ಹಂಚಬೇಡಿ. ವಿಷಯ ಗೊತ್ತಿಲ್ಲದವರಿಗೂ ನೀವೇ ಸುಮ್ನೆ ಗೊತ್ತು ಮಾಡಿದ ಹಾಗಾಗುತ್ತದೆ. ವರದಿಗಾರರು ಫೋನ್ ಮಾಡಿದರೆ ಕೊಡಿ. ಅರ್ಧ ಪುಟ ಸಾಕು. ‘ಗುಣಮಟ್ಟಕ್ಕೆ ಹೆಸರಾದ ನಮ್ಮ ಸಂಸ್ಥೆ’ ಅಂತ ಶುರು ಮಾಡಿದರೆ ಉಪಸಂಪಾದಕರು ಮೊದಲು ಹೊಡೆದುಹಾಕುವುದು ಅದೇ ಸಾಲನ್ನು. ದೂರು ಯಾವತ್ತು ಬಂತು, ಯಾವ ಬ್ಯಾಚ್, ಎಷ್ಟು ಪ್ಯಾಕೆಟ್ ವಾಪಸ್ ತರಿಸಿದಿರಿ, ಏನು ಸಿಕ್ಕಿತು, ಇಷ್ಟನ್ನು ಬರೆಯಿರಿ. ಕಾರಣ ಇನ್ನೂ ತಿಳಿದಿಲ್ಲದಿದ್ದರೆ ತಿಳಿದಿಲ್ಲ ಅಂತಲೇ ಬರೆಯಿರಿ. ಕೆಳಗೆ ನಿಮ್ಮದೇ ಮೊಬೈಲ್ ನಂಬರ್ ಹಾಕಿ, ಆ ಎರಡು ಮೂರು ದಿನ ಯಾರೇ ಫೋನ್ ಮಾಡಿದರೂ ಎತ್ತಿ.